ಎದುರುಬದುರು ಲ್ಯಾಬುಗಳು

ನಮ್ಮ ಕಾಲದಲ್ಲಿ ಕಾಲೇಜಿನ ಫಿಸಿಕ್ಸ್ ಲ್ಯಾಬ್, ಕೆಮಿಸ್ಟ್ರಿ ಲ್ಯಾಬ್ ಎದುರುಬದುರು ಇದ್ದವು. ಫಿಸಿಕ್ಸ್ ಮೇಷ್ಟ್ರು ಬೆಲ್ ಹೊಡೆದರೂ ಪಾಠ ನಿಲ್ಲಿಸುತ್ತಿರಲಿಲ್ಲ. ಕೆಮಿಸ್ಟ್ರಿ ಮೇಡಂ ಬಾಗಿಲಲ್ಲಿ ನಿಂತು, "ಸರ್, ಇದು ನನ್ನ ಪೀರಿಯಡ್" ಅನ್ನುತ್ತಿದ್ದರು. ಕಾಲೇಜಿನ ಸಂಚಿಕೆಗೆ ಬರೆಯಿರಿ ಅಂದಾಗ ಇವರಿಬ್ಬರೇ ನೆನಪಾದರು. ನಮ್ಮ ಹಾಲುಹಾದಿ ಗೆಲಾಕ್ಸಿ ಇನ್ನೊಂದು ಗೆಲಾಕ್ಸಿಯನ್ನು ನುಂಗಿದ ಹಳೇ ಕಥೆ ಬಿಡಿಸಿಕೊಂಡಿದ್ದೇ ಇವರಿಬ್ಬರ ಪಾಠಗಳನ್ನು ಜೊತೆಗಿಟ್ಟು ನೋಡಿದಾಗ.

ಜನವರಿ ಕೊನೆಗೆ ನಮ್ಮ ಎನ್‌ಎಸ್‌ಎಸ್ ಕ್ಯಾಂಪ್ ಇತ್ತು. ಬೆಳಗಿನ ಜಾವ ಐದಕ್ಕೆ ಮೇಷ್ಟ್ರು ಎಬ್ಬಿಸಿದರು. ಚಳಿ, ಬೈಗುಳ, ಕಂಬಳಿ ಎಲ್ಲದರ ಸಮೇತ ಹೊರಗೆ ಬಂದೆವು. ನೆತ್ತಿಯ ಮೇಲೆ ಸ್ವಾತಿ. ಮಳೆ ನಕ್ಷತ್ರವಾಗಿ ಅದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಸರೇ. "ಸೂರ್ಯನಿಗೆ ಹೋಲಿಸಿದರೆ ಇದು ಸೆಕೆಂಡಿಗೆ ಸುಮಾರು 120 ಕಿ.ಮೀ. ಓಡ್ತಿದೆ. ಇದರ ದಾರಿಯೇ ಬೇರೆ" ಅಂದರು. ಆಮೇಲೆ ಬೈನಾಕ್ಯುಲರ್‌ನಲ್ಲಿ ದಕ್ಷಿಣದ ಕಡೆ ಒಂದು ಮಸುಕು ಉಂಡೆ ತೋರಿಸಿದರು. ಅದು ಒಮೇಗಾ ಸೆಂಟಾರಿ, ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು. ಹಾಲುಹಾದಿ ನುಂಗಿದ ಪುಟ್ಟ ಗೆಲಾಕ್ಸಿಯೊಂದರ ನಡುಭಾಗವೇ ಅದು ಎಂದು ಈಗ ಬಹಳ ಮಂದಿ ಖಗೋಳ ವಿಜ್ಞಾನಿಗಳು ಭಾವಿಸುತ್ತಾರೆ.

ಸೂರ್ಯ ಗಾಣದ ಎತ್ತಿನ ಹಾಗೆ ಗೆಲಾಕ್ಸಿಯ ತಟ್ಟೆಯಲ್ಲಿ ಸುತ್ತುತ್ತಾನೆ. ತಟ್ಟೆಯ ಮೇಲೆ, ಕೆಳಗೆ, ಸುತ್ತಲೂ ಹರಡಿರುವ ಹೇಲೋದ ನಕ್ಷತ್ರಗಳಿಗೆ ಆ ಶಿಸ್ತಿಲ್ಲ. ಗೆಲಾಕ್ಸಿಯ ನಕ್ಷತ್ರಗಳಲ್ಲಿ ಅವು ನೂರಕ್ಕೆ ಒಂದರಷ್ಟೇ. ಬಹಳಷ್ಟು ತೀರ ಹಳೆಯವು. ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ತೀರ ಅಪರೂಪ. ಹಾಗಾಗಿ ಎಲ್ಲಿಂದ ಬಂದವು ಅನ್ನುವ ಗುರುತು ಅವುಗಳ ಓಟದಲ್ಲಿ ಕೋಟ್ಯಂತರ ವರ್ಷ ಉಳಿಯುತ್ತದೆ.

2018ರ ಏಪ್ರಿಲ್‌ನಲ್ಲಿ ಯುರೋಪಿನ ಗೈಯಾ ಉಪಗ್ರಹ 130 ಕೋಟಿಗೂ ಹೆಚ್ಚು ನಕ್ಷತ್ರಗಳ ದೂರ ಮತ್ತು ಚಲನೆಯ ಲೆಕ್ಕ ಕೊಟ್ಟಿತು. ನೆದರ್ಲೆಂಡ್ಸ್‌ನ ಅಮಿನಾ ಹೆಲ್ಮಿ ಮತ್ತು ಸಂಗಡಿಗರು ಅದನ್ನು ಜಾಲಾಡಿದರು. ನಮ್ಮ ಸುತ್ತಲಿನ ಹೇಲೋ ನಕ್ಷತ್ರಗಳಲ್ಲಿ ದೊಡ್ಡ ಪಾಲು ಒಂದೇ ಗೆಲಾಕ್ಸಿಯಿಂದ ಬಂದದ್ದು ಎಂದು ತೋರಿಸಿದರು. ಸುಮಾರು 1000 ಕೋಟಿ ವರ್ಷಗಳ ಹಿಂದೆ ಅದು ಹಾಲುಹಾದಿಗೆ ಬಂದು ಬಿದ್ದಿತ್ತು. ಅದಕ್ಕೆ ಗೈಯಾ-ಎನ್‌ಸೆಲಾಡಸ್ ಎಂದು ಹೆಸರಿಟ್ಟರು. ಕೇಂಬ್ರಿಜ್‌ನ ಬೆಲೊಕುರೊವ್ ತಂಡ ಅದೇ ವರ್ಷ ಬೇರೆ ದಾರಿಯಿಂದ ಇದೇ ಮಾತಿಗೆ ಬಂದಿತ್ತು. ಈ ನಕ್ಷತ್ರಗಳು ಸುತ್ತುವುದೇ ಕಡಿಮೆ. ಗೆಲಾಕ್ಸಿಯ ನಡುವಿಗೆ ನುಗ್ಗಿ, ಮತ್ತೆ ದೂರಕ್ಕೆ ಹೋಗಿ, ತಿರುಗಿ ಬರುತ್ತವೆ.

ಇಷ್ಟು ಮೇಷ್ಟ್ರ ಪಾಲು. ಓಟ ಒಂದನ್ನೇ ನಂಬಿದರೆ ಮೋಸ ಹೋಗಬಹುದು ಅನ್ನುವುದಕ್ಕೆ ಸ್ವಾತಿಯೇ ಸಾಕ್ಷಿ. ಅದರ ಜೊತೆ ಓಡುವ ನಕ್ಷತ್ರಗಳೂ ನುಂಗಿದ ಗೆಲಾಕ್ಸಿಯವೇ ಎಂದು 2004ರಲ್ಲಿ ಒಂದು ವಾದ ಬಂತು. ಬರೆದವರಲ್ಲಿ ಹೆಲ್ಮಿಯೂ ಒಬ್ಬರು. ಆಮೇಲೆ ಅವುಗಳಲ್ಲಿರುವ ಧಾತುಗಳ ಪ್ರಮಾಣ ನೋಡಿದರೆ ಅವು ಒಂದೇ ಮನೆಯವು ಅನ್ನಿಸಲಿಲ್ಲ.

ಇನ್ನು ಮೇಡಂ ಪಾಲು. ನನಗೆ ಇದೇ ಜಾಸ್ತಿ ಇಷ್ಟ. ಭಾರೀ ನಕ್ಷತ್ರಗಳು ಬೇಗ ಸಿಡಿದು ಮೆಗ್ನೀಷಿಯಂ, ಆಕ್ಸಿಜನ್ ಹರಡುತ್ತವೆ. ಕಬ್ಬಿಣದ ಬಹುಪಾಲು ಬರುವುದು ಶ್ವೇತ ಕುಬ್ಜಗಳು (ಸಣ್ಣ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳು) ಸಿಡಿದಾಗ, ಅಂದರೆ ತಡವಾಗಿ. ಸಣ್ಣ ಗೆಲಾಕ್ಸಿಯಲ್ಲಿ ನಕ್ಷತ್ರಗಳು ನಿಧಾನವಾಗಿ ಹುಟ್ಟುತ್ತವೆ. ಅಲ್ಲಿ ಮೆಗ್ನೀಷಿಯಂ ಸಾಕಷ್ಟು ಸೇರುವ ಮೊದಲೇ ತಡವಾದ ಕಬ್ಬಿಣ ಬಂದು ಬೆರೆಯುತ್ತದೆ. ಅದಕ್ಕೇ ಒಂದೇ ಪ್ರಮಾಣದ ಕಬ್ಬಿಣ ಇರುವ ಎರಡು ನಕ್ಷತ್ರಗಳಲ್ಲಿ ಹೊರಗಿನದಕ್ಕೆ ಮೆಗ್ನೀಷಿಯಂ ಕಮ್ಮಿ. 2010ರಲ್ಲೇ ನಿಸ್ಸೆನ್ ಮತ್ತು ಶುಸ್ಟರ್ ಬರೀ 94 ನಕ್ಷತ್ರಗಳನ್ನು ಅಳೆದು ಹೇಲೋದಲ್ಲಿ ಎರಡು ಗುಂಪು ಕಂಡಿದ್ದರು. ಕಮ್ಮಿ ಮೆಗ್ನೀಷಿಯಂ ಗುಂಪಿನ ಮನೆ ಯಾವುದು ಎಂದು ಎಂಟು ವರ್ಷದ ನಂತರ ಗೈಯಾ ಹೇಳಿತು.

ಹೇಲೋದಲ್ಲಿರುವವೆಲ್ಲ ಹೊರಗಿನವಲ್ಲ. ಆ ಡಿಕ್ಕಿಯ ರಭಸಕ್ಕೆ ನಮ್ಮದೇ ತಟ್ಟೆಯ ನಕ್ಷತ್ರಗಳೂ ಮೇಲಕ್ಕೆ ಎಸೆದು ಹೋದವು. ಅವುಗಳ ಮೆಗ್ನೀಷಿಯಂ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ನುಂಗಾಟ ಈಗಲೂ ನಡೆದಿದೆ: 1994ರಲ್ಲಿ ಪತ್ತೆಯಾದ ಧನು ರಾಶಿಯ ಕುಬ್ಜ ಗೆಲಾಕ್ಸಿ ಚೂರಾಗುತ್ತಾ ನಮ್ಮನ್ನು ಸುತ್ತುತ್ತಿದೆ.

ಲಡಾಖ್‌ನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಕಬ್ಬಿಣ ಕಮ್ಮಿ ಇರುವ ಹಳೇ ನಕ್ಷತ್ರಗಳ ಬೆಳಕನ್ನೂ ಅದರಲ್ಲಿ ಬಿಡಿಸಿ ನೋಡುತ್ತಾರೆ. ಗೈಯಾ ಲೆಕ್ಕವಂತೂ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಪುಕ್ಕಟೆ. ನಾನು ಸಾಫ್ಟ್‌ವೇರ್ ಕೆಲಸದವನು, ಖಗೋಳ ಬರೀ ಹವ್ಯಾಸ. ನಡುವಿಗೆ ನುಗ್ಗಿ ಬರುವ ಆ ಹೇಲೋ ನಕ್ಷತ್ರಗಳ ಓಟವನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಗ್ರಾಫ್ ಮಾಡಿದಾಗ ಅವು ಒಂದು ಉದ್ದನೆಯ ಗುಂಪಾಗಿ ಕಂಡವು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲೂ ಇದನ್ನು ಮಾಡಬಹುದು, ಅಲ್ವಾ? ಒಂದು ಶನಿವಾರ ಗೊತ್ತು ಮಾಡಿ, ನಾನು ಬರುತ್ತೇನೆ. ಎರಡೂ ಡಿಪಾರ್ಟ್‌ಮೆಂಟಿನ ಮಕ್ಕಳನ್ನು ಕೂರಿಸಿ.