ಗಣಿಯಿಂದ ಗೋಲಿಗೆ: ಜಾನ್ ಥಾಮ್ಸನ್‌ನ ನಾಲ್ಕೂವರೆ ವರ್ಷ

ಓದಲೋ ಕೆಲಸಕ್ಕೋ ಗ್ಲಾಸ್ಗೋಗೆ ಬಂದವರ ಕಿವಿಗೆ ಮೊದಲ ವಾರದಲ್ಲೇ ಬೀಳುವ ಎರಡು ಹೆಸರು ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಫುಟ್‌ಬಾಲ್ ಕ್ಲಬ್‌ಗಳು. ಇವರ ಜಿದ್ದಿನ ಕಥೆ ಊರಿಗೆಲ್ಲ ಗೊತ್ತು. ಆ ಜಿದ್ದು ಕೆಲವು ದಿನವಾದರೂ ತಲೆ ತಗ್ಗಿಸಿದ್ದು ಜಾನ್ ಥಾಮ್ಸನ್ ಎಂಬ ಸೆಲ್ಟಿಕ್ ಗೋಲ್‌ಕೀಪರ್‌ಗಾಗಿ. ಊರಿನಲ್ಲಿರುವ ಫುಟ್‌ಬಾಲ್ ಪ್ರಿಯರಿಗೆ ಅವನ ಪರಿಚಯ ಇರಲೇಬೇಕು.

ಹುಟ್ಟಿದ್ದು 1909ರ ಜನವರಿ 28ರಂದು, ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಕರ್ಕಾಡಿಯಲ್ಲಿ. ಬೆಳೆದದ್ದು ಹತ್ತಿರದ ಕಾರ್ಡೆಂಡೆನ್ ಎಂಬ ಗಣಿ ಊರಿನಲ್ಲಿ. ಹದಿನಾಲ್ಕಕ್ಕೇ ಬೋಹಿಲ್ ಕಲ್ಲಿದ್ದಲು ಗಣಿಗೆ ಇಳಿದ. ನೆಲದಡಿ ಸುಮಾರು 300 ಗಜ ಆಳದಲ್ಲಿ ಬಂಡಿಗಳ ಸರಪಳಿ ಕೊಂಡಿ ಬಿಡಿಸುವುದು ಅವನ ಕೆಲಸ. 1926ರಲ್ಲಿ ವೆಲ್ಸ್‌ಲಿ ಜೂನಿಯರ್ಸ್ ಪರ ಆಡುತ್ತಿದ್ದಾಗ, ಎದುರಾಳಿ ತಂಡದ ಕೀಪರ್‌ನನ್ನು ನೋಡಲು ಬಂದಿದ್ದ ಸೆಲ್ಟಿಕ್‌ನ ಸ್ಕೌಟ್ (ಹೊಸ ಆಟಗಾರರನ್ನು ಹುಡುಕುವವನು) ಇವನನ್ನು ಆರಿಸಿಕೊಂಡ. ಕೊಟ್ಟ ಹಣ 10 ಪೌಂಡ್. 1927ರ ಫೆಬ್ರವರಿಯಲ್ಲಿ ಡಂಡಿ ವಿರುದ್ಧ ಮೊದಲ ಪಂದ್ಯ. ಅದೇ ವರ್ಷ ಸ್ಕಾಟಿಷ್ ಕಪ್ ಗೆಲುವು, 1931ರಲ್ಲಿ ಮತ್ತೊಮ್ಮೆ. ಸ್ಕಾಟ್ಲೆಂಡ್ ಪರ 4 ಪಂದ್ಯ, ಸೆಲ್ಟಿಕ್ ಪರ 188.

ಥಾಮ್ಸನ್‌ನ ದೊಡ್ಡ ವಿದ್ಯೆ ಎಂದರೆ ನುಗ್ಗಿ ಬರುವ ಫಾರ್ವರ್ಡ್‌ನ ಕಾಲಿಗೇ ಧುಮುಕುವುದು. ಹೊಡೆಯುವವನ ಕಾಲಿನಿಂದ ಚೆಂಡು ತುಸು ಮುಂದೆ ಸರಿದ ಆ ಗಳಿಗೆಯಲ್ಲೇ ಹೊರಡಬೇಕು. ಕೈ ಮುಂದಾಗಬೇಕು, ಮೈ ಅಡ್ಡಲಾಗಿ ಬೀಳಬೇಕು, ತಲೆ ಕೈಗಳ ಹಿಂದೆ ಇರಬೇಕು. ಚೂರು ತಡವಾದರೆ ಕೈಗೆ ಚೆಂಡು ಸಿಕ್ಕೀತು, ಆದರೆ ತಲೆಗೆ ಮೊಣಕಾಲು ಸಿಗುತ್ತದೆ. ಚೆಂಡು ಹಿಡಿದ ಮೇಲೂ ನೆಮ್ಮದಿಯಿಲ್ಲ. ಕೀಪರ್‌ಗೆ ಭುಜ ಕೊಟ್ಟು ತಳ್ಳಲು ಅಂದಿನ ನಿಯಮದಲ್ಲಿ ಅವಕಾಶವಿತ್ತು. ಇಂದು ಚೆಂಡು ಕೀಪರ್‌ನ ಕೈಸೇರಿದ ಮೇಲೆ ಯಾರೂ ಅವನ ಮೇಲೆ ಹೋಗುವಂತಿಲ್ಲ. 1930ರ ಫೆಬ್ರವರಿಯಲ್ಲಿ ಏರ್‌ಡ್ರಿ ವಿರುದ್ಧದ ಪಂದ್ಯದಲ್ಲಿ ಅವನ ದವಡೆ, ಪಕ್ಕೆಲುಬು ಮುರಿದವು, ಎರಡು ಹಲ್ಲು ಹೋದವು. ವಾಸಿಯಾಗಿ ಬಂದವನು ಧುಮುಕುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅವನು ಸಾಧಾರಣ ಕೀಪರ್ ಆಗುತ್ತಿದ್ದ ಎಂಬುದು ನಮ್ಮ ಅಭಿಪ್ರಾಯ.

1931ರ ಸೆಪ್ಟೆಂಬರ್ 5, ಶನಿವಾರ. ರೇಂಜರ್ಸ್‌ನ ಐಬ್ರಾಕ್ಸ್ ಮೈದಾನ, ಸುಮಾರು 80,000 ಜನ. ದ್ವಿತೀಯಾರ್ಧ ಶುರುವಾಗಿ ಐದಾರು ನಿಮಿಷಕ್ಕೆ ರೇಂಜರ್ಸ್‌ನ ಸ್ಯಾಮ್ ಇಂಗ್ಲಿಷ್ ಚೆಂಡಿನೊಂದಿಗೆ ನುಗ್ಗಿದ, ಥಾಮ್ಸನ್ ಧುಮುಕಿದ. ಗೋಲು ತಪ್ಪಿತು, ಇಂಗ್ಲಿಷ್‌ನ ಮೊಣಕಾಲು ಥಾಮ್ಸನ್‌ನ ತಲೆಗೆ ಬಡಿಯಿತು. ಬಲಗಡೆ ತಲೆಬುರುಡೆ ಎರಡು ಇಂಚು ಅಗಲಕ್ಕೆ ಒಳಕುಸಿದಿತ್ತು. ಏನಾಗಿದೆಯೆಂದು ತಿಳಿಯದ ಕೆಲವರು ಕೂಗಾಡುತ್ತಿದ್ದಾಗ, ರೇಂಜರ್ಸ್ ನಾಯಕ ಡೇವಿಡ್ ಮೈಕಲ್‌ಜಾನ್ ತಾನೇ ಹೋಗಿ ತಮ್ಮ ಅಭಿಮಾನಿಗಳನ್ನು ಸುಮ್ಮನಾಗಿಸಿದ. ಬದಲಿ ಆಟಗಾರರ ಪದ್ಧತಿ ಸ್ಕಾಟಿಷ್ ಲೀಗಿಗೆ ಬಂದದ್ದು 1960ರ ದಶಕದಲ್ಲಿ. ಹಾಗಾಗಿ ಆ ದಿನ ಮೈದಾನದ ನಡುವೆ ಆಡುತ್ತಿದ್ದ ಸೆಲ್ಟಿಕ್‌ನ ಚಿಕ್ ಗೀಟನ್ಸ್ ಗೋಲಿಗೆ ನಿಂತ, ಸೆಲ್ಟಿಕ್ ಹತ್ತೇ ಜನರಲ್ಲಿ ಪಂದ್ಯ ಮುಗಿಸಿತು. 0–0. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದರೂ ಥಾಮ್ಸನ್ ಉಳಿಯಲಿಲ್ಲ, ರಾತ್ರಿ 9.25ಕ್ಕೆ ತೀರಿಕೊಂಡ. ವಯಸ್ಸು 22.

ಅಂತ್ಯಕ್ರಿಯೆಗೆ ಕಾರ್ಡೆಂಡೆನ್‌ನಲ್ಲಿ ಸುಮಾರು 30,000 ಜನ ಸೇರಿದರು. ಕೆಲವರು ಗ್ಲಾಸ್ಗೋದಿಂದ 55 ಮೈಲಿ ನಡೆದೇ ಬಂದರು.

ವಿಚಾರಣೆ ನಡೆದು ಇದು ಆಕಸ್ಮಿಕ ಎಂದು ತೀರ್ಮಾನವಾಯಿತು. ಆದರೂ ಎದುರಾಳಿ ಅಭಿಮಾನಿಗಳ ಚುಚ್ಚುಮಾತು ಸ್ಯಾಮ್ ಇಂಗ್ಲಿಷ್‌ನನ್ನು ಬಿಡಲಿಲ್ಲ. ಅದೇ ಋತುವಿನಲ್ಲಿ ಲೀಗಿನಲ್ಲಿ 44 ಗೋಲು ಹೊಡೆದವನು 1933ರಲ್ಲಿ ಲಿವರ್‌ಪೂಲ್‌ಗೆ ಹೋದ, ಅಲ್ಲಿಂದ ಬೇರೆ ಕ್ಲಬ್‌ಗಳಿಗೆ. ಮೊದಲ ಕಳೆ ಮರಳಲಿಲ್ಲ. ಥಾಮ್ಸನ್‌ನನ್ನು ನೆನೆಯುವವರು ಈ ನಿರಪರಾಧಿಯನ್ನೂ ನೆನೆಯುವುದು ನ್ಯಾಯ.

ಸಮಾಧಿ ನೋಡಬೇಕೆಂದರೆ ಹೋಗಬೇಕಾದ್ದು ಬೋಹಿಲ್ ಸ್ಮಶಾನಕ್ಕೆ. ಎಡಿನ್‌ಬರೋದಿಂದ ಫೈಫ್ ಕಡೆಯ ರೈಲು ಹಿಡಿದು ಕಾರ್ಡೆಂಡೆನ್‌ನಲ್ಲಿ ಇಳಿಯಬೇಕು, ಸುಮಾರು ಒಂದು ಗಂಟೆ. ಫೈಫ್‌ಗೆ ಎರಡು ದಾರಿಯ ರೈಲುಗಳಿವೆ; ಡನ್‌ಫರ್ಮ್‌ಲಿನ್, ಕೌಡನ್‌ಬೀತ್ ಮೂಲಕ ಹೋಗುವುದನ್ನೇ ಹತ್ತಿ. ಕರ್ಕಾಡಿ ದಾರಿಯದನ್ನಲ್ಲ. ಗ್ಲಾಸ್ಗೋದಿಂದ ಬರುವವರು ಎಡಿನ್‌ಬರೋದ ಮುಖ್ಯ ನಿಲ್ದಾಣ ವೇವರ್ಲಿವರೆಗೆ ಹೋಗದೆ, ಅದಕ್ಕಿಂತ ಮೊದಲು ಸಿಗುವ ಹೇಮಾರ್ಕೆಟ್ ನಿಲ್ದಾಣದಲ್ಲೇ ಬದಲಾಯಿಸಿಕೊಳ್ಳಬಹುದು.