ನಮ್ಮೂರ ವಾಸನೆ ಸಿಕ್ಕಿದ್ದು ಚೊನ್ನಬೊತ್‌ನಲ್ಲಿ

ಶಿಡ್ಲಘಟ್ಟದವರಿಗೆ ಆ ವಾಸನೆ ಗೊತ್ತು. ನೂಲು ಬಿಚ್ಚಿದ ಮೇಲೆ ರೇಷ್ಮೆಗೂಡಿನಲ್ಲಿ ಉಳಿಯುವ ಹುಳ, ಅಂದರೆ ಪ್ಯೂಪಾ, ರಾಶಿ ಬಿದ್ದಾಗ ಬರುವ ವಾಸನೆ. ಚಿಕ್ಕವಳಿದ್ದಾಗ ಮೂಗು ಮುಚ್ಚಿಕೊಂಡೇ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಬೀದಿ ದಾಟುತ್ತಿದ್ದೆ.

ಥಾಯ್ಲೆಂಡಿಗೆ ಹೋಗಿದ್ದು ಚಿಮ್ಮಂಡೆ, ಅಂದರೆ ಕಿರ್ರ್ ಅನ್ನುವ ಕ್ರಿಕೆಟ್ ಕೀಟವನ್ನು, ತಿನ್ನಲೆಂದು ಸಾಕುವುದನ್ನು ನೋಡಲು. ಬ್ಯಾಂಕಾಕಿನ ಎರಡು ದಿನ ಬಿಟ್ಟುಬಿಡಿ. ಖಾವೊ ಸಾನ್ ರಸ್ತೆಯಲ್ಲಿ ಕಡ್ಡಿಗೆ ಚುಚ್ಚಿದ ಚೇಳು ಮಾರುತ್ತಾರೆ, ಫೋಟೋಗೂ ದುಡ್ಡು ಕೇಳುತ್ತಾರೆ. ಅದು ಊಟ ಅಲ್ಲ, ಸುಮ್ನೆ ತಮಾಷೆ. ರಾತ್ರಿ ರೈಲಿನಲ್ಲಿ ನಾನೂ ಭಾವನೂ ಖೊನ್ ಕೇನ್ ನಗರಕ್ಕೆ ಹೊರಟೆವು.

ಚಿಮ್ಮಂಡೆ ಸಾಕುವ ವಿದ್ಯೆಯನ್ನು 1998ರಲ್ಲಿ ರೂಪಿಸಿದ್ದು ಅಲ್ಲಿನ ವಿಶ್ವವಿದ್ಯಾಲಯ. ನಾವು ನೋಡಿದ್ದು ಒಂದು ಮನೆಯ ಹಿತ್ತಿಲು. ಸಿಮೆಂಟ್ ತೊಟ್ಟಿಗಳು, ಒಳಗೆ ಅಂಗಡಿಯಲ್ಲಿ ಕೋಳಿಮೊಟ್ಟೆ ಜೋಡಿಸಿಡುವಂಥ ರಟ್ಟಿನ ತಟ್ಟೆಗಳು, ಕಿವಿ ತುಂಬಾ ಕಿರ್ರ್ ಸದ್ದು. ಸುಮಾರು 45 ದಿನಕ್ಕೆ ಒಂದು ಬೆಳೆ. ಕೊನೆಯ ದಿನಗಳಲ್ಲಿ ಕುಂಬಳಕಾಯಿ ತಿನ್ನಿಸುತ್ತಾರಂತೆ, ರುಚಿಗೆ. ಕರಿದು ಸೋಯಾ ಸಾಸ್, ಮೆಣಸಿನ ಪುಡಿ ಉದುರಿಸಿ ಕೊಟ್ಟರು. ಚಕ್ಕುಲಿಯ ಸೀದ ಅಂಚಿನ ಹಾಗೆ ಕುರುಕುರು. ನನಗೆ ಇಷ್ಟವಾಯಿತು.

ಭಾವನಿಗೆ ಮಾತ್ರ ಅರ್ಧ ಗಂಟೆಯಲ್ಲಿ ಮೈಯೆಲ್ಲ ದದ್ದು. ಅವರಿಗೆ ಸಿಗಡಿ ಆಗಲ್ಲ. ಸಿಗಡಿ ಆಗದವರು ಕೀಟ ಮುಟ್ಟಬೇಡಿ, ಅಲರ್ಜಿ ತರುವ ಪ್ರೋಟೀನ್ ಎರಡರಲ್ಲೂ ಒಂದೇ ಥರದ್ದು. ಇದನ್ನು ಹೊರಡುವ ಮೊದಲೇ ಯಾರಾದರೂ ಹೇಳಿದ್ದರೆ ಒಂದಿಡೀ ಮಧ್ಯಾಹ್ನ ಔಷಧಿ ಅಂಗಡಿ ಹುಡುಕುವುದು ತಪ್ಪುತ್ತಿತ್ತು.

ಮರುದಿನ ಭಾವ ಹೋಟೆಲಿನಲ್ಲೇ ಮಲಗಿದರು. ನಾನು ಚೊನ್ನಬೊತ್‌ಗೆ ಹೋದೆ. ನೂಲನ್ನು ಕಟ್ಟಿ ಬಣ್ಣ ಹಾಕಿ ನೇಯುವ ಮಡ್‌ಮೀ ರೇಷ್ಮೆಗೆ ಹೆಸರಾದ ಊರು. ಒಂದು ಮನೆಯ ಅಂಗಳಕ್ಕೆ ಕಾಲಿಟ್ಟೆ, ಅದೇ ವಾಸನೆ! ಸ್ವಲ್ಪ ತೆಳು, ಅಷ್ಟೇ. ಮೂಲೆಯಲ್ಲಿ ಗೂಡು ಕಟ್ಟಿಸುವ ಬಿದಿರಿನ ತಟ್ಟೆ. ಹುಳ ಗೂಡು ಕಟ್ಟುವ ನಮ್ಮ ಚಂದ್ರಿಕೆ ಉದ್ದಕ್ಕಿದ್ದರೆ ಅದು ದುಂಡಗೆ. ಗೂಡು ನಮ್ಮ ಸಿಬಿ, ಅಂದರೆ ಮಿಶ್ರತಳಿ, ಗೂಡಿನ ಹಾಗೇ ಹಳದಿ.

ಅಜ್ಜಿಯೊಬ್ಬರು ಕುದಿಯುವ ಮಡಕೆಯಿಂದ ನೂಲು ಎಳೆಯುತ್ತಿದ್ದರು. ನೂಲು ಮುಗಿದ ಹುಳವನ್ನು ಸೌಟಿನಿಂದ ತೆಗೆದು ಪಕ್ಕದ ಬಟ್ಟಲಿಗೆ ಹಾಕಿದರು. ಒಂದನ್ನು ಬಾಯಿಗೂ ಹಾಕಿಕೊಂಡರು, ಕಡಲೆಕಾಯಿ ಬಿಡಿಸಿ ತಿನ್ನುವಷ್ಟೇ ಸಲೀಸಾಗಿ. ಬಟ್ಟಲು ನನ್ನ ಕಡೆ ತಳ್ಳಿ "ಸೇಪ್" ಅಂದರು. ರುಚಿಯಾಗಿದೆ ಅಂತ.

ತಿಂದೆ. ತೆಳು ಸಿಪ್ಪೆ, ಒಳಗೆ ಬೆಂದ ಮೊಟ್ಟೆಯ ಹಳದಿಯಷ್ಟು ಮೆತ್ತಗೆ. ಬಾಯಲ್ಲಿ ಆ ನಾತ ಇರಲೇ ಇಲ್ಲ. ಊರಲ್ಲಿ ನಾರುತ್ತಿದ್ದದ್ದು ಬಿಸಿಲಲ್ಲಿ ಕೆಟ್ಟ ಅದರ ಕೊಬ್ಬು ಅಂತ ಆಗ ಹೊಳೆಯಿತು.

ಜೊತೆಗಿದ್ದ ಹುಡುಗಿ ಅನುವಾದ ಮಾಡುತ್ತಿದ್ದಳು. ನಮ್ಮದೂ ರೇಷ್ಮೆ ಊರು ಅಂದಾಗ ಅಜ್ಜಿಯ ಕೈ ನಿಂತಿತು.

"ಅಲ್ಲಿ ಇದನ್ನ ಏನು ಮಾಡ್ತೀರಿ?"

"ಎಣ್ಣೆ ತೆಗೀತಾರೆ. ಕೋಳಿಗೆ, ಮೀನಿಗೆ ಹಾಕ್ತಾರೆ."

"ಕೋಳಿ ತಿಂತೀರಾ?"

"ತಿಂತೀವಿ."

ಅಜ್ಜಿ ಜೋರಾಗಿ ನಕ್ಕರು. "ಅಷ್ಟು ಸುತ್ತಾಡಿ ತಿನ್ನೋದ್ಯಾಕೆ?"

ಒಣಗಿಸಿದ ಪ್ಯೂಪಾದಲ್ಲಿ ಅರ್ಧದಷ್ಟು ಪ್ರೋಟೀನೇ. ಓದಿಕೊಂಡು ಹೋಗಿದ್ದೆ, ಹೇಳಲು ನಾಚಿಕೆಯಾಯಿತು. ಅಜ್ಜಿ ಮತ್ತೆ ಕೇಳಿದರು, "ನಿಮ್ಮೂರ ಹುಳ ಇದಕ್ಕಿಂತ ರುಚೀನಾ?"

ಹಿಪ್ಪುನೇರಳೆ ತೋಟದಲ್ಲೇ ಬೆಳೆದವಳು ನಾನು. ಗೊತ್ತಿಲ್ಲ ಅಂದೆ. ಅವರು ಇನ್ನೊಂದು ಸೌಟು ಬಟ್ಟಲಿಗೆ ಸುರಿದರು.