ಮಲೆನಾಡಿಗೆ ಬೇರೆಯದೇ ಕೃಷಿ ವಿಶ್ವವಿದ್ಯಾಲಯ ಯಾಕೆ ಬೇಕಿತ್ತು?

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ಸೊಸೈಟಿ ಜಗುಲಿಯಲ್ಲಿ ಅಡಿಕೆ ರೇಟಿನ ಮಾತು ಮುಗಿದಾಗ, ಈ ಪ್ರಶ್ನೆ ಬಂದೇ ಬರುತ್ತದೆ. "ಬೆಂಗಳೂರಲ್ಲಿ ಒಂದು ಕೃಷಿ ವಿವಿ ಇತ್ತು, ಧಾರವಾಡದಲ್ಲಿ ಇನ್ನೊಂದು. ಅದು ಸಾಲದು ಅಂತ ನಮ್ಮ ಕಾಡಿನ ಮಧ್ಯೆ ಮತ್ತೊಂದು ಯಾಕೆ?" ನಾನು ತೋಟ, ಗದ್ದೆ ಮಾಡಿಕೊಂಡಿರುವವನು. ಶಿವಮೊಗ್ಗದ ನವಿಲೆಯಲ್ಲಿ ಇದೇ ವಿವಿ ನಡೆಸುವ ಕೃಷಿ ಮೇಳಕ್ಕೆ ತಪ್ಪದೆ ಹೋಗುವವನು. ಹಾಗಾಗಿ ಉತ್ತರ ನನ್ನ ಹತ್ತಿರವೇ ಇರುತ್ತದೆ ಅಂದುಕೊಳ್ಳುತ್ತಾರೆ. ಪ್ರತಿ ಸಲ ಅರ್ಧ ಹೇಳಿ ಬಿಟ್ಟಿದ್ದೇನೆ. ಈ ಸಲ ಪೂರ್ತಿ ಹೇಳುತ್ತೇನೆ.

ಮೊದಲು ಯಾವುದರ ಮಾತು ಅಂತ ಹೇಳಿಬಿಡುತ್ತೇನೆ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಶುರುವಾಗಿದ್ದು 2012ರಲ್ಲಿ. ಆಮೇಲೆ ಅದಕ್ಕೆ ಕೆಳದಿ ಶಿವಪ್ಪ ನಾಯಕನ ಹೆಸರಿಟ್ಟರು. ನನಗೆ ಆ ಹೆಸರು ತುಂಬಾ ಇಷ್ಟ. 17ನೇ ಶತಮಾನದಲ್ಲೇ ನೆಲವನ್ನು ಗುಣ ನೋಡಿ ಐದು ತರಗತಿ ಮಾಡಿ, ಬೆಳೆ ಎಷ್ಟು ಬರುತ್ತದೋ ಅದಕ್ಕೆ ತಕ್ಕ ಕಂದಾಯ ಹಾಕಿದ ದೊರೆ ಅವನು. ಶಿವಪ್ಪ ನಾಯಕನ ಶಿಸ್ತು ಅಂತ ಹಿರಿಯರು ಹೇಳುವುದು ಅದನ್ನೇ. ಒಂದೊಂದು ನೆಲವೂ ಬೇರೆ ಬೇರೆ ಅಂತ ಅವನಿಗೆ ಗೊತ್ತಿತ್ತು. ನನ್ನ ಉತ್ತರವೂ ಅಲ್ಲಿಂದಲೇ ಶುರು.

ನಮ್ಮಲ್ಲಿ ಎಲ್ಲದಕ್ಕೂ ಮಳೆಯೇ ಯಜಮಾನ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಬಯಲುಸೀಮೆಯ ರೈತ ಮಳೆ ಬರಲಿ ಅಂತ ಕಾಯುತ್ತಾನೆ. ನಾವು ಜುಲೈನಲ್ಲಿ ಎರಡು ದಿನ ಹೊಳವಾದರೆ ಸಾಕು ಅಂತ ಕಾಯುತ್ತೇವೆ, ಔಷಧಿ ಹೊಡೆಯುವುದಕ್ಕೆ. ಈ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಗಿಡ ಅದನ್ನು ಸರಿಯಾಗಿ ಹೀರುವುದಿಲ್ಲ. ಒಣಭೂಮಿಯ ರಾಗಿಗೋ ಜೋಳಕ್ಕೋ ಬರೆದ ಸಲಹೆ ಎಷ್ಟೇ ಒಳ್ಳೆಯದಿದ್ದರೂ ಇಲ್ಲಿಗೆ ಕೂರುವುದಿಲ್ಲ.

ಕೊಳೆರೋಗವನ್ನೇ ನೋಡಿ. ಮಳೆ ಬಿಡದೆ ಹಿಡಿದರೆ ಎಳೆ ಅಡಿಕೆ ಮೇಲೆ ನೀರು ಕುಡಿದಂಥ ಕಲೆ ಬೀಳುತ್ತದೆ. ಆಮೇಲೆ ಕಾಯಿ ಉದುರಲು ಶುರು. ಬೆಳಿಗ್ಗೆ ತೋಟಕ್ಕೆ ಇಳಿದರೆ ಬುಡದ ತುಂಬ ಬಿಳಿ ಬೂಸಲು ಹಿಡಿದ ಕಾಯಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಹಿಂದೆ ಇದಕ್ಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಅನ್ನುವ ಮುಚ್ಚಿಗೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಹೊಡೆಯುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಸಿದರು. ನೂರು ವರ್ಷ ದಾಟಿದರೂ ನಾವು ಹೊಡೆಯುವುದು ಅದನ್ನೇ.

ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಕೇಳಲು ಸುಲಭ, ಅಲ್ವಾ? ಆದರೆ ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕು, ಕದಡುತ್ತಾ ಇರಬೇಕು. ತಿರುಗಾಮುರುಗಾ ಮಾಡಿದರೆ ದ್ರಾವಣ ಕೆಡುತ್ತದೆ. ಸರಿಯಾಗಿದೆಯಾ ಅಂತ ನೋಡಲು ನನ್ನ ಅಪ್ಪ ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಿದ್ದರು. ಕತ್ತಿಯ ಬಾಯಿಗೆ ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು. ಇನ್ನೊಂದು ಹಿಡಿ ಹಾಕು ಅನ್ನುತ್ತಿದ್ದರು. ಅವರಿಗೆ ಇದನ್ನು ಯಾರು ಹೇಳಿಕೊಟ್ಟರೋ. ಆದರೆ ಯಾರೋ ಒಬ್ಬರು ಮಳೆಯಲ್ಲಿ ನಮ್ಮ ತೋಟಕ್ಕೆ ಇಳಿದು ನೋಡಿದ್ದರಿಂದ ಬಂದ ವಿದ್ಯೆ ಅದು. ದೂರದಲ್ಲಿ ಕೂತು ಕಂಡುಕೊಳ್ಳುವಂಥದ್ದಲ್ಲ.

ಇಲ್ಲಿ ತಿಳಿದವರು ಒಂದು ಮಾತು ತೆಗೆಯುತ್ತಾರೆ. ಕಾಫಿಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಇದೆ, ಅಡಿಕೆಗೆ ವಿಟ್ಲದ ಸಂಶೋಧನಾ ಕೇಂದ್ರ ಇದೆ, ಇನ್ನೇನು ಬೇಕು? ಎರಡೂ ದೊಡ್ಡ ಸಂಸ್ಥೆಗಳು. ಅವರ ಕೆಲಸದಿಂದ ನಾವು ಉಂಡಿದ್ದೇವೆ. ಆದರೆ ನನ್ನ ತೋಟದಲ್ಲಿ ಒಂದೇ ಬೆಳೆ ಇಲ್ಲ. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿದೆ. ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ. ಕೆಳಗೆ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ರೋಗಗಳೂ ಹಾಗೇ ನೆಂಟರು. ಅಡಿಕೆಯ ಕೊಳೆ, ಮೆಣಸಿನ ಶೀಘ್ರ ಸೊರಗು, ಏಲಕ್ಕಿಯ ಕಾಯಿ ಕೊಳೆ, ಮೂರಕ್ಕೂ ಕಾರಣ ಫೈಟಾಫ್ತೊರಾ ಅನ್ನುವ ಒಂದೇ ಕುಲದ ಜೀವಿಗಳು. ಮೂರೂ ನೀರಿನ ಜೊತೆಯಲ್ಲೇ ಹರಡುತ್ತವೆ. ನೀರು ಹೊರಹೋಗುವ ಬಸಿಗಾಲುವೆ ಮುಚ್ಚಿಹೋದರೆ ಮೂರೂ ಬೆಳೆಗೆ ಒಟ್ಟಿಗೆ ಪೆಟ್ಟು. ಹೀಗಿರುವಾಗ ಬೆಳೆಗೊಬ್ಬ ವೈದ್ಯ ಬಂದು ತನ್ನ ಗಿಡ ಮಾತ್ರ ನೋಡಿ ಹೋದರೆ ಸಾಲದು. ಇಡೀ ಮನೆಯನ್ನು ನೋಡುವವರು ಬೇಕು. ಕೃಷಿ, ತೋಟಗಾರಿಕೆ, ಅರಣ್ಯ ಮೂರೂ ಒಂದೇ ಸೂರಿನ ಕೆಳಗೆ ಇರಬೇಕಾದದ್ದು ಇದಕ್ಕೇ. ನವಿಲೆಯಲ್ಲಿ ಕೃಷಿ ಕಾಲೇಜು, ಮೂಡಿಗೆರೆಯಲ್ಲಿ ತೋಟಗಾರಿಕೆ, ಪೊನ್ನಂಪೇಟೆಯಲ್ಲಿ ಅರಣ್ಯ. ಇವು ಮೊದಲೂ ಇದ್ದವು. ಆದರೆ ಒಂದೇ ಮನೆಯವಾಗಿ, ನಮ್ಮ ಸೀಮೆಯನ್ನೇ ತಲೆಯಲ್ಲಿಟ್ಟುಕೊಂಡು ಇರಲಿಲ್ಲ. ಈಗ ಕೇಂದ್ರ ಸ್ಥಾನವೂ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ.

ಗದ್ದೆಯ ಮಾತು ಬಂತು. ಕೆಂಪಕ್ಕಿಗೆ ನಾವು ಜ್ಯೋತಿ ಭತ್ತ ನೆಚ್ಚಿಕೊಂಡಿದ್ದೆವು. ಅದಕ್ಕೆ ಬೆಂಕಿ ರೋಗ ಬಂದರೆ ಗದ್ದೆ ಸುಟ್ಟ ಹಾಗೆ ಕಾಣುತ್ತದೆ. ಶಿವಮೊಗ್ಗದ ವಿವಿಯವರು ಜ್ಯೋತಿಯನ್ನೇ ರೋಗ ತಡೆಯುವ ಇನ್ನೊಂದು ತಳಿಯ ಜೊತೆ ಕೂಡಿಸಿ ಸಹ್ಯಾದ್ರಿ ಮೇಘ ತಂದರು. ಅಕ್ಕಿ ಕೆಂಪಗೇ ಉಳಿಯಿತು. ಕರಾವಳಿಯ ನೆರೆ ನಿಲ್ಲುವ ಗದ್ದೆಗೆ ಇದೇ ವಿವಿಯ ಬ್ರಹ್ಮಾವರ ಕೇಂದ್ರದಿಂದ ಸಹ್ಯಾದ್ರಿ ಪಂಚಮುಖಿ ಅನ್ನುವ ತಳಿ ಬಂತು. ಈ ಕೆಲಸವನ್ನು ಬೇರೆಯವರು ನಮಗಾಗಿ ಮಾಡುತ್ತಿದ್ದರಾ? ನನಗೆ ನಂಬಿಕೆಯಿಲ್ಲ.

ಒಂದು ವರ್ಷ ಕೊನೆ ವರ್ಷದ ವಿದ್ಯಾರ್ಥಿಗಳು ನಮ್ಮೂರಲ್ಲಿ ಬಿಡಾರ ಹೂಡಿದ್ದರು. ಹಳ್ಳಿಯಲ್ಲಿದ್ದು ಕಲಿಯುವುದು ಅವರ ಓದಿನ ಭಾಗ. ಒಬ್ಬ ಹುಡುಗಿ ಬಯಲುಸೀಮೆಯವಳು. ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದು ನೋಡಿ ಕೂಗಿಕೊಂಡವಳು, ಮೂರನೇ ದಿನಕ್ಕೆ ತಾನೇ ಸುಣ್ಣ ಹಚ್ಚಿ ಕಿತ್ತು ಬಿಸಾಡಿ ಕೆಲಸ ಮುಂದುವರಿಸಿದಳು. ನನ್ನ ಮೇಲಿನ ತೋಟದಲ್ಲಿ ಎಂಟು ಕಡೆ ಗುಂಡಿ ತೆಗೆದಳು. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದು, ಎಲ್ಲ ಸೇರಿಸಿ, ಗೋಣಿ ಮೇಲೆ ಹರವಿ ನಾಲ್ಕು ಪಾಲು ಮಾಡಿದಳು. ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ನಾಲ್ಕು ಮಾಡಿದಳು. ಕೊನೆಗೆ ಅರ್ಧ ಕೆಜಿ ಉಳಿಯಿತು. ಅದನ್ನು ನೆರಳಲ್ಲಿ ಒಣಗಿಸಿ ಚೀಲಕ್ಕೆ ಹಾಕಿ ಕಳಿಸಿದೆವು. ವರದಿಯಲ್ಲಿ ಪಿಎಚ್ 4.8 ಅಂತ ಬಂತು, ಅಂದರೆ ಮಣ್ಣು ತುಂಬಾ ಹುಳಿ. ಅಷ್ಟು ವರ್ಷ ನಾನು ಅಂಗಡಿಯವರು ಹೇಳಿದ ಗೊಬ್ಬರ ಸುರಿಯುತ್ತಿದ್ದೆ. ಬೇಕಾಗಿದ್ದುದು ಸುಣ್ಣ.

ಕೊರತೆಯೂ ಇದೆ, ಮುಚ್ಚಿಡುವುದಿಲ್ಲ. 2022ರ ಆಚೆಗೆ ಅಡಿಕೆಯ ಎಲೆಚುಕ್ಕೆ ರೋಗ ನಮ್ಮ ತೋಟಗಳನ್ನು ಹಿಂಡುತ್ತಿದೆ. ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಒಬ್ಬನೇ ಹೊಡೆದರೆ ಪ್ರಯೋಜನವಿಲ್ಲ, ಇಡೀ ಊರು ಒಟ್ಟಿಗೆ ಹೊಡೆಯಬೇಕು. ಅಷ್ಟೆತ್ತರದ ಸೋಗೆಗೆ ಔಷಧಿ ಮುಟ್ಟಿಸಲು ಮರ ಹತ್ತುವ ಕೊನೆಗೌಡರೂ ಸಿಗುವುದಿಲ್ಲ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ತೋಟವನ್ನೇ ಕಳೆದುಕೊಂಡವರು ವಿವಿಯ ಹೆಸರೆತ್ತಿದರೆ ಸಿಟ್ಟಾಗುತ್ತಾರೆ. ಆ ಸಿಟ್ಟು ನ್ಯಾಯವೇ. ಇನ್ನೊಂದು ಕಷ್ಟ ಇದೆ. ಇದೇ ವಿವಿ ಚಿತ್ರದುರ್ಗವನ್ನೂ ನೋಡಿಕೊಳ್ಳಬೇಕು. ಹಿರಿಯೂರಿನಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಅದೇ ಜಾಸ್ತಿ. ಆಗುಂಬೆ, ಹಿರಿಯೂರು ಎರಡನ್ನೂ ಒಂದೇ ಕೈ ಹಿಡಿಯಬೇಕು ಅಂದರೆ ಆ ಕೈಗೆ ಜನ, ದುಡ್ಡು ಎರಡೂ ಬೇಕು. ಅದನ್ನು ಕೇಳಬೇಕಾದವರು ನಾವೇ. ಮೇಳಕ್ಕೆ ಹೋಗಿ ಸಸಿ ಕೊಂಡು ಬಂದರೆ ಮುಗಿಯಲಿಲ್ಲ.

ಮುಂದಿನ ಸಲ ಪ್ರಶ್ನೆ ಕೇಳುವವರು ಜುಲೈನಲ್ಲಿ ಮನೆಗೆ ಬನ್ನಿ. ಕಂಬಳಿಕೊಪ್ಪೆ ನಾನೇ ಕೊಡುತ್ತೇನೆ. ತೋಟಕ್ಕೆ ಇಳಿದು ಮಾತಾಡೋಣ.